ಸ್ಲ್ಯಾಬಿನ ಕೆಳಗ ನಿಂತಾಂವ

ದಿವಾ ಪೂರ್ವ
12 ಜನವರಿ 2025

ದೋಸ್ತ ಭುಜಂಗಾ,

ನಾವಿಲ್ಲಿ ಎಲ್ಲಾರೂ ಅರಾಮ ಇದ್ದೀವಿ, ನನ್ನ ಎಡಗಾಲಿನ ಮೊಣಕಾಲು ಒಂದು ಬಿಟ್ಟು. ಅದು ಬ್ಯಾರೆ ಪಾರ್ಟಿ ಸೇರ್ಯಾದ, ನಾ ಹೇಳಿದ್ದು ಕೇಳಂಗಿಲ್ಲ.

ಫೋನ್ ಇರೂದು ಬಿಟ್ಟು ಈ ಮನಷ್ಯಾ ಯಾಕ ಕಾಗದ ಬರೀಲಿಕತ್ತಾನ ಅಂತಿ. ಫೋನ್ ಮಾಡಿದ್ರ ನೀ "ಹಲೋ" ಅಂತಿ, ನಾ "ಭುಜಂಗಾ" ಅಂತೀನಿ, ನೀ ಕಟ್ ಮಾಡ್ತಿ. ಮೂರು ವರ್ಷದಿಂದ ನಮ್ಮಿಬ್ಬರ ಮಾತುಕತಿ ಇಷ್ಟ. ಕಾಗದ ಕಟ್ ಮಾಡ್ಲಿಕ್ಕ ಬರಂಗಿಲ್ಲ. ಹರಿಬಹುದು, ಆದ್ರ ಗುರಮ್ಮ ವೈನಿ ಬಾಜೂಕ ಕುಂತಿರ್ತಾರ, "ಏನು ಬರದಾರ ಓದ್ರಿ" ಅಂತಾರ. ಅವ್ರಿಗೆ ಓದ್ಲಿಕ್ಕ ಬರಂಗಿಲ್ಲ, ನಿನಗ ಬರ್ತದ. ಹಂಗಾಗಿ ನನ್ನ ಮಾತು ನಿನ್ನ ಬಾಯಿಂದನ ಹೊರಗ ಬರಬೇಕು. ಹೆಂಗ ಸಿಕ್ಕಿಬಿದ್ದಿ ನೋಡು! ವೈನಿ, ಇಂವ ನಡುನಡುವ ಬಿಟ್ಟು ಓದ್ತಾನ, ಹುಷಾರ್ ಇರ್ರಿ. ಬಿಡೂ ಮುಂದ ಒಮ್ಮೆ ಕೆಮ್ಮತಾನ. ಅದ ಗುರ್ತು.

ಸುದ್ದಿ ಏನಂದ್ರ, ಕಂಪನಿ ನನ್ನ ಬೇಲಾಪುರ ಆಫೀಸಿಗೆ ಟ್ರೇನಿಂಗಿಗೆ ಕರದಿತ್ತು. ನಾಲ್ಕನೇತ್ತೆ ಫೇಲ್ ಆದಾಂವನ್ನ! "ನಾಳಿನ ಲೀಡರ್" ಅಂತ ಸ್ಕೀಮ್ ಹೆಸರು. ಐವತ್ತೆರಡು ಆಗ್ಯಾದ ನನಗ, ನಾಳಿನ ಲೀಡರ್ ಅಂದ್ರ ನಾಡಿದ್ದಿಗೆ ರಿಟೈರ್ ಆಗಾಂವ. ಎಸಿ ಖೋಲಿ, ಗುಂಡನ ಟೇಬಲ್, ನನ್ನ ಸುತ್ತ ಇಸ್ತ್ರಿ ಹೊಡದ ಅಂಗಿ ಹಾಕ್ಕೊಂಡ ಇಂಜಿನಿಯರ್ ಹುಡುಗರು. ಹಸಿ ಶಾವಿಗಿ, ಅಂಟಿಸೂ ಚಿಕಟಪಟ್ಟಿ ಕೊಟ್ಟು "ಎತ್ತರ ಗೋಪುರ ಕಟ್ರಿ" ಅಂದ್ರು. ಎಲ್ಲಾರಕ್ಕಿಂತ ಮೊದಲು ಬಿದ್ದದ್ದು ನಂದು. "ಮೂವತ್ತು ವರ್ಷದ ಅನುಭವ ಎಲ್ಲಿ ಹೋಯ್ತು ಸೈದಪ್ಪ?" ಅಂತ ಒಬ್ಬಾಂವ ನಕ್ಕ. "ಮುಂಜಾನಿ ಶಾವಿಗಿ ಉಪ್ಪಿಟ್ಟು ತಿಂದ ಬಂದೀನ್ರಿ, ಇದನ್ನ ಕಟ್ಟಬೇಕೋ ತಿನ್ನಬೇಕೋ ತಿಳೀಲಿಲ್ಲ" ಅಂದೆ.

ಕಲಿಸಾಕಿ ರಮಿತಾ ಮೇಡಂ ಅಂತ, ಮಂಗಳೂರು ಕಡೆಯವ್ರು. ಆಫೀಸಿನಾಗ ಕನ್ನಡ ಮಾತಾಡಾಕಿ ಅಕಿ ಒಬ್ಬಾಕಿನ. ನನ್ನ ಬಾಜೂಕ ಬಂದು ಕೇಳಿದ್ಲು, "ಸೈದಪ್ಪಣ್ಣ, ತಮಾಷೆ ಸಾಕು ಮಾರಾಯ್ರೆ. ನಿಮ್ಮ ನಂತರ ಈ ಗ್ಯಾಂಗನ್ನು ಯಾರು ನೋಡಿಕೊಳ್ಳುದು?"

"ಯಾಕ್ರಿ ಮೇಡಂ, ಡಾಕ್ಟರ್ ಏನಾರ ಹೇಳ್ಯಾರೇನು ನನ್ನ ಬಗ್ಗೆ?"

"ಹಾಗಲ್ಲ. ನಿಮ್ಮ ಜಾಗಕ್ಕೆ ಒಬ್ಬರನ್ನು ನೀವೇ ತಯಾರು ಮಾಡಿ ಕೊಡಬೇಕು. ಆಮೇಲೆ ನಿಮಗೆ ಶೀಳ್‌ಫಾಟಾದ ಟ್ರೇನಿಂಗ್ ಯಾರ್ಡಲ್ಲಿ ಹೊಸ ಹುಡುಗರಿಗೆ ಕಲಿಸುವ ಕೆಲಸ."

ಕೇಳ್ದಿ? ನಾ ಮಾಸ್ತರ! ನಮ್ಮೂರ ಸಾಲಿ ಮಾಸ್ತರ ಬದುಕಿದ್ರ ಎದಿ ಹಿಡ್ಕೊಂಡು ಕುಂದ್ರತಿದ್ರು.

ಕಡೀಕ ಕೇಳಿದ್ರು, ಲೀಡರ್ ಅಂದ್ರ ಯಾರು? ಹುಡುಗರು ಬಣ್ಣದ ಚೀಟಿ ಮ್ಯಾಲ ಏನೇನೋ ಬರದ್ರು. ನಾ ಅಂದೆ, "ಸ್ಲ್ಯಾಬ್ ಹಾಕೂ ಮುಂದ ಕೆಳಗ ನಿಲ್ಲಾಂವ." ಸೇಫ್ಟಿ ಸಾಹೇಬನ ಚಹಾ ಪ್ಯಾಂಟ್ ಮ್ಯಾಲ ಚೆಲ್ಲಿತು. "ಅರೇ ಬಾಬಾ, ಅಲ್ಲಿ ನಿಲ್ಲೂದು ಬಂದ್ ಆಗ್ಯಾದಲ್ಲ!" ಅಂದ.

ಬಂದ್ ಆಗ್ಯಾದ ಅಂತ ನನಗ ಗೊತ್ತಿಲ್ಲೇನು? ಮೂರು ವರ್ಷದ ಹಿಂದ ಅಲ್ಲಿಂದ ನಿನ್ನ ಹೊರಗ ಕರದಾಂವ ನಾನ.

ಖರೇ ಹೇಳ್ತೀನಿ, ಆ ಎಸಿಯೊಳಗ ನನಗ ಡೋಂಬಿವಲಿ ಕಾಣಸ್ತು. ಮ್ಯಾಲ ನಾವು ಸಾಲು ಹಿಡದು ಕಬ್ಬಿಣದ ಘಮೇಲಾ ಬುಟ್ಟಿಯೊಳಗ ಕೈಯಿಂದ ಕೈಗೆ ಕಾಂಕ್ರೀಟ್ ಸಾಗಸೂದು, ವೈನಿ ಬೀಸೂಕಲ್ಲಿನ ಪದ ಹಾಡೂದು, ಕೆಳಗ ನೀ ಒಬ್ಬಾಂವ ಸುತ್ತಿಗಿ ಹಿಡದು, ಸ್ಲ್ಯಾಬಿಗೆ ಆನಿಸಿದ ಒಂದೊಂದು ಟೇಕಿನ ಕಟಗಿಗೂ ಬಡದು ಕಿವಿಗೊಟ್ಟು ಕೇಳೂದು. ನಾ ಮ್ಯಾಲಿಂದ ಒದರ್ತಿದ್ದೆ, "ಭುಜಂಗಾ, ಇದ್ದೀಯೇನು?" ಕೆಳಗಿಂದ ನಿನ್ನ ದನಿ ಬರ್ತಿತ್ತು, "ಇದ್ದೀನಿ, ಹಾಕು!"

ಉತ್ತರ ಬರೀ. ಬೈದರೂ ನಡೀತದ.

ನಿನ್ನ ಬೈಗಳಾ ಇಲ್ದ ಸೊರಗಿದ
ಸೈದಪ್ಪ


ಉಲ್ವೆ
2 ಫೆಬ್ರವರಿ 2025

ಸೈದಪ್ಪಾ,

ಕಾಗದ ಮುಟ್ಟಿತು. ನನಗ ಕೆಮ್ಮು ಥಂಡಿ ಹವಾಕ ಬಂದದ್ದು.

ಇಲ್ಲಿ ಬಿಲ್ಡಿಂಗಿನ ವಾಚ್‌ಮನ್ ಕೆಲಸ ಚಲೋ ಅದ. ಕುರ್ಚಿ ಅದ. ಇಪ್ಪತ್ತು ಮಂದಿ ಮುಂದ "ಏ ಹೊರಗ ಬಾ" ಅಂತ ನಾಯಿ ಕರದಂಗ ಯಾರೂ ಕರಿಯಂಗಿಲ್ಲ.

ನನ್ನ ಮಗಳು ಮಾಲಾ ಐತವಾರ ಬರ್ತೀನಿ ಅಂದಾಕಿ ಬರ್ಲಿಲ್ಲ. ಮಾಜಿವಾಡಾ ಸೈಟಿಗೆ ದಿವಾದಿಂದ ಹೋಗೂದು ಸನೇಪ ಅಂತ ಅಕಿನ್ನ ನಿಮ್ಮ ಮನ್ಯಾಗ ಇಟ್ಟೀನಿ, ನಿನ್ನ ಮ್ಯಾಲಿನ ಪ್ರೀತಿಗಲ್ಲ. ಸ್ಟೋರಿನ ಕೆಲಸ ಮಾಡ್ಲಿ. ಅಕಿನ್ನ ಆಫೀಸಿಗೆ ತಗೋತೀವಿ ಅಂದಿದ್ರು ಸಾಹೇಬ್ರು, ಏನಾತು ಕೇಳು.

ಮೊಣಕಾಲಿಗೆ ಎಳ್ಳೆಣ್ಣಿ ಬೆಚ್ಚಗ ಮಾಡಿ ಹಚ್ಚು.

ಭುಜಂಗ

ಮುಂದಿನ ಸಲ ಮಾಲಾನ ಕೈಯಾಗ ಗುರಮ್ಮ ಶೇಂಗಾ ಚಟ್ನಿ ಕಳಿಸ್ತಾಳ. ನಾ ಕಳಿಸೂದಲ್ಲ ಅದು.


ದಿವಾ ಪೂರ್ವ
9 ಮಾರ್ಚ್ 2025

ಭುಜಂಗಾ,

ನೀ ಕಳಿಸದ ಚಟ್ನಿ ಭಾಳ ರುಚಿ ಅದ. ಮರಗಮ್ಮ ಡಬ್ಬಿ ಮುಚ್ಚಿ ಕಪಾಟದಾಗ ಇಟ್ಟಾಳ, ನನ್ನ ಕೈಗೆ ಸಿಗಬಾರದಂತ. ಇಪ್ಪತ್ತೇಳು ವರ್ಷ ಸಂಸಾರ ಮಾಡಿದ ಗಂಡನ ಮ್ಯಾಲ ಎಷ್ಟು ವಿಶ್ವಾಸ ನೋಡು.

ಹೋದ ವಾರ ಕಲ್ಯಾಣಕ್ಕ ಹೋಗಬೇಕಾಗಿತ್ತು. ಬರೂ ಮುಂದ ಡೋಂಬಿವಲಿ ಸ್ಟೇಷನ್ ಬಂತು, ಕಾಲು ತಾವಾಗಿ ಇಳದವು. ನಮ್ಮ ಮೊದಲನೇ ಬಿಲ್ಡಿಂಗ್ ನೆನಪದ ಅಲಾ, ಗುಲಾಬಿ ಬಣ್ಣದ್ದು, ರೈಲಿನ ಕಿಡಕಿಯಿಂದ ಕಾಣ್ತಿತ್ತು. ಪ್ರತಿ ಸಲ ನೀ ಬಾಜೂದ ಸೀಟಿನಾಂವಗ, ಗುರ್ತು ಇರ್ಲಿ ಇಲ್ದಿರ್ಲಿ, "ಅದು ನಂದು" ಅಂತಿದ್ದಿ. ಒಬ್ಬ ಗುಜರಾತಿ ಶೇಟ್ ಖರೇ ತಿಳಕೊಂಡು ಒಂದು ಫ್ಲ್ಯಾಟ್ ಎಷ್ಟಕ್ಕ ಕೊಡ್ತಿ ಅಂತ ಕೇಳಿದ್ದ.

ಕೆಡವ್ಲಿಕತ್ತಾರ ಭುಜಂಗಾ. ಅದರ ಜಾಗಾದಾಗ ದೊಡ್ಡ ಟವರ್ ಬರ್ತದಂತ. ಸುತ್ತಲೂ ತಗಡಿನ ಪತ್ರಾ ಬಡದಾರ. ಒಳಗ ಬಿಡಲಿಲ್ಲ, ಸಂದಿಯಾಗ ಹಣಿಕಿ ಹಾಕಿದೆ. ಮುಂದಿನ ಗ್ವಾಡಿ ಬಿದ್ದಿತ್ತು, ಒಳಗಿನ ಖೋಲಿ ಎಲ್ಲಾ ಕಾಣ್ತಿದ್ದವು, ಒಂದರಾಗ ಇನ್ನೂ ಕ್ಯಾಲೆಂಡರ್ ತೂಗ್ತಿತ್ತು. ಯಾರೋ ಶೋಕಿಗೆ ಹಾಕ್ಸಿದ್ದ ಪಿಓಪಿ ಉದುರಿ ಸ್ಲ್ಯಾಬಿನ ಹೊಟ್ಟಿ ಬತ್ತಲಿ ಆಗಿತ್ತು. ಅದರ ಮ್ಯಾಲ ನಾವು ಬಡದ ಹಲಗಿ ಗೆರಿ, ಹಲಗಿ ಗಂಟು ಎಲ್ಲಾ ಹಂಗ ಮೂಡ್ಯಾವ. ಜಂಗಲ್ ಕಟಗಿ ಹಲಗಿ ಅವು, ಒಲಿಗೆ ಹಾಕಿ ಎಷ್ಟು ವರ್ಷ ಆತು. ಅವುಗಳ ಗೆರಿ ಉಳದಾವ. ಅದರ ಕೆಳಗ ನೀ ನಿಂತಿದ್ದಿ. ಅದರ ಮುಂದ ಉಸುಕಿನ ಗುಡ್ಡಿ, ಆ ರೇತಿ ಢಿಗಿನ ಬಾಜೂಕ ಎರಡು ಬಂಬೂಕ ಸೀರಿ ಕಟ್ಟಿ ಕೂಸು ಮಾಲಾನ ಜೋಳಗಿ. ನಾ ಅಷ್ಟೊತ್ತು ನಿಂತದ್ದು ನೋಡಿ ಅಲ್ಲಿನ ವಾಚ್‌ಮನ್, "ಕ್ಯಾ ಚಾಚಾ, ಫ್ಲ್ಯಾಟ್ ಬುಕ್ ಕರ್ನಾ ಹೈ ಕ್ಯಾ?" ಅಂದ. "ಮೇರಾ ಹೀ ಹೈ" ಅಂದೆ. ನಿನ್ನ ಮಾತು, ನಾ ಕಳವು ಮಾಡ್ದೆ.

ಈಗ ಕುರ್ಚಿ ಗಟ್ಟಿ ಹಿಡ್ಕೊ.

ನನ್ನ ಜಾಗಾಕ್ಕ ರಮಿತಾ ಮೇಡಂಗ ಹೆಸರು ಕೊಟ್ಟೀನಿ. ನಮ್ಮ ಮಾಲಾಂದು. ಮೊದಲು ಅಕಿನ್ನ ಕೇಳ್ದೆ, "ಹೂಂ ಕಾಕಾ" ಅಂದ್ಲು. ಐಟಿಐ ಕಲ್ತಾಕಿ, ನಕ್ಷಾ ಓದ್ತಾಳ, ಹಿಂದಿ ಮರಾಠಿ ಕನ್ನಡ ಮೂರರಾಗೂ ಬೈಲಿಕ್ಕ ಬರ್ತದ. ಗ್ಯಾಂಗ್ ನಡಸೂ ಮುಕಾದಮ್‌ಗ ಇನ್ನೇನು ಬೇಕು? ಆರು ತಿಂಗಳಿಂದ ಸ್ಟೋರ್ ಮುಗಿಸಿ ನನ್ನ ಹಿಂದ ಅಡ್ಡಾಡ್ಲಿಕತ್ತಾಳ. ಮೊದಮೊದಲು ತಪ್ಪು ಮಾಡಿದ್ಲು, ಒಂದು ಸಲ ಹಲಗಿ ಉಲ್ಟಾ ಬಡಿಸಿ ನನ್ನ ಕಡೆ ನೋಡಿದ್ಲು. ನಾ ಸುಮ್ಮನ ನಿಂತೆ. ತಾನ ಬಿಚ್ಚಿಸಿ ಮತ್ತ ಬಡಿಸಿದ್ಲು.

ಗ್ಯಾಂಗಿನಾಗ ಮಾತಾತು. ನಮ್ಮ ರಾಯಚೂರ ಜೈಭೀಮ ಎಲ್ಲಾರ ಪರವಾಗಿ ಎದ್ದು ನಿಂತ. "ಹುಡುಗಿ ಅಂತ ನಮ್ಮ ತಕರಾರಿಲ್ಲ ಕಾಕಾ. ಆದ್ರ ಪದ್ಧತಿ ಅದ. ಹೊಸಾ ಮುಕಾದಮ್‌ಗ ಮೊದಲ ಘಮೇಲಾ ಹಿರೇ ಮನಷ್ಯಾ ಎತ್ತಿ ತಲಿ ಮ್ಯಾಲ ಇಡಬೇಕು. ನಿನಗ ಕೊಟ್ಟಾಂವ ಭುಜಂಗ ಕಾಕಾ. ಈಕಿಗೂ ಅವನ ಕೊಡ್ಲಿ. ಕೊಟ್ಟ ಅಂದ್ರ ನಾವು ಅಕಿ ಹಿಂದ. ಇಲ್ಲಂದ್ರ ಇಲ್ಲ."

ಈಗ ಕಾಂಕ್ರೀಟು ಪೈಪಿನಾಗ ಬರ್ತದ, ಘಮೇಲಾ ಯಾರಿಗೂ ಬ್ಯಾಡ. ಆದ್ರೂ ಆ ಒಂದು ಘಮೇಲಾ ಸ್ಟೋರಿನ ಮೊಳಿಗೆ ತೂಗ್ತದ. ಮೇ ತಿಂಗಳ ಮೊದಲ ವಾರ ನಮ್ಮ ಸ್ಲ್ಯಾಬ್. ಬರ್ತಿಯೇನು?

ಒಂದ ಘಮೇಲಾ. ಎತ್ತೂದು, ಕೊಡೂದು. ನನ್ನ ಮಾರಿ ನೋಡಬ್ಯಾಡ ಬೇಕಾದ್ರ. ಅದೇನು ನೋಡೂವಂಥದ್ದೂ ಅಲ್ಲ.

ದಾರಿ ಕಾಯೂ
ಸೈದಪ್ಪ


ಉಲ್ವೆ
20 ಮಾರ್ಚ್ 2025

ಸೈದಪ್ಪಾ,

ಯಾರನ್ನ ಕೇಳಿ ಹೆಸರು ಕೊಟ್ಟಿ? ಅಕಿಗೆ ಅಪ್ಪ ಇಲ್ಲೇನು?

ಗುರಮ್ಮನ ನೆತ್ತಿ ಮ್ಯಾಲಿನ ಕೂದಲು ಘಮೇಲಾ ಹೊತ್ತು ಹೊತ್ತು ಹೋದವು. ನನ್ನ ಬೆರಳಿನ ಚರ್ಮ ಸಿಮೆಂಟಿಗೆ ಹೋತು. ಯಾಕ? ಪೋರಿ ಫ್ಯಾನಿನ ಕೆಳಗ ಕುಂದ್ರಲಿ ಅಂತ. ಜೋಳಗಿಯೊಳಗ ಹಾಕಿ ಆ ಧೂಳಿನಾಗ ಬೆಳೆಸಿದ್ದು ಅದ ಧೂಳಿನಾಗ ಬಿಡ್ಲಿಕ್ಕಲ್ಲ. ನಿನಗ ಮಾಸ್ತರಕಿ ಬೇಕು, ಅದಕ್ಕ ನನ್ನ ಮಗಳನ್ನ ನಿನ್ನ ಜಾಗಾಕ್ಕ ಟೇಕು ಕೊಟ್ಟಿ.

ಅವತ್ತ ನನ್ನ ಹೊರಗ ಕರದಿ. ಹುಡುಗ ಇಂಜಿನಿಯರ್ ಮುಂದ ದೊಡ್ಡಾಂವ ಆಗಬೇಕಿತ್ತು ನಿನಗ. ಇಷ್ಟು ವರ್ಷ ಕೆಳಗ ನಿಂತಾಂವ ನಾ, ನನಗ ಮ್ಯಾಲಿಂದ ಹುಕುಂ. ಈಗ ನನ್ನ ಪೋರಿನ್ನ ಮ್ಯಾಲ ನಿಲ್ಲಸ್ತಿ.

ನಾ ಬರಂಗಿಲ್ಲ. ಘಮೇಲಾ ಎತ್ತಂಗಿಲ್ಲ. ನಿನ್ನ ಇದೊಂದು ಕಾಗದ ಗುರಮ್ಮಗ ಓದಿ ಹೇಳಿಲ್ಲ.

ಭುಜಂಗ


ದಿವಾ
6 ಏಪ್ರಿಲ್ 2025

ಅಪ್ಪಾ,

ನನ್ನ ಅಕ್ಷರ ನೋಡಿ ನಗಬ್ಯಾಡ. ಮರಾಠಿ ಶಾಳಾದಾಗ ಕಲ್ತಾಕಿ ನಾ. ಕನ್ನಡ ನೀ ಕಲಿಸಿದ್ದಷ್ಟ, ಸಿಮೆಂಟ್ ಚೀಲದ ಹಾಳಿ ಮ್ಯಾಲ. ಕಾಕಾ ತಿದ್ದಿ ಕೊಡ್ತೀನಿ ಅಂದ್ರು, ನಕೋ ಅಂದೆ. ಈ ಕಾಗದ ಅವರು ನೋಡಿಲ್ಲ.

ಫೋನಿನಾಗ ಹೇಳಿದ್ರ ನೀ ಒದರ್ತಿ, ನಾ ಅಳ್ತೀನಿ, ಬಾತ್ ಖತಂ. ಅದಕ್ಕ ಕಾಕಾನ ಐಡಿಯಾ ಮಾಡ್ದೆ.

ಸೈಟಿನಾಗ ಎಲ್ಲಾರೂ ಅಂತಾರ, ಭುಜಂಗ ಎಂಥಾ ಧೈರ್ಯದಾಂವ. ನನಗ ಆ ದಿನಗಳು ಬ್ಯಾರೆ ಥರಾ ನೆನಪವ. ಅವ್ವ ಮ್ಯಾಲ, ನೀ ಕೆಳಗ, ನಾ ರೇತಿ ಢಿಗ ಮ್ಯಾಲ ಕುಂದ್ರತಿದ್ದೆ. ಕಾಕಾ ಮ್ಯಾಲಿಂದ "ಇದ್ದೀಯೇನು" ಅಂದಕೂಡ್ಲೆ ನಾ ಉಸಿರು ಹಿಡೀತಿದ್ದೆ, ನಿನ್ನ ದನಿ ಬಂದ ಮ್ಯಾಲ ಬಿಡ್ತಿದ್ದೆ. ಮಿಕ್ಸರ್ ಆವಾಜಿನಾಗ ಒಮ್ಮೊಮ್ಮೆ ನಿನ್ನ ದನಿ ಕೇಳ್ತಿರಲಿಲ್ಲ. ರೇತಿ ಮುಠ್ಠಿ ಹಿಡ್ಕೊಂಡು ಕುಂದ್ರತಿದ್ದೆ. ನೀವೆಲ್ಲಾ ಸಂಜೀಕ ನಕ್ಕೋತ ಬಂದು, "ಯಾಕ ಪೋರಿ ಮಾತಾಡವಲ್ಲಳು?" ಅಂತಿದ್ರಿ.

ಈಗ ಒಂದು ಮಾತು. ಮೂರು ವರ್ಷದ ಹಿಂದ ನೀ ಸ್ಲ್ಯಾಬಿನ ಕೆಳಗ ಹೋದದ್ದು ನಾ ಸ್ಟೋರಿನ ಬಾಗಿಲಿಂದ ನೋಡ್ದೆ. ಓಡಿ ಹೋಗಿ ಕಾಕಾನ ಕೈ ಹಿಡದು ಅತ್ತೆ. "ಅಪ್ಪನ್ನ ಹೊರಗ ಕರೀರಿ, ನಾ ಅಂದೆ ಅಂತ ಹೇಳಬ್ಯಾಡ್ರಿ" ಅಂದೆ. ಅವರು ಕರದ್ರು. ನೀ ಸುತ್ತಿಗಿ ಒಗದು ಹೋದಿ. ನೀ ಅವರ ಜೋಡಿ ಮಾತು ಬಿಟ್ಟಿ, ಆದ್ರೂ ಅವರು ಹೇಳಲಿಲ್ಲ. ಇಷ್ಟು ಮಾತಾಡೂ ಮನಷ್ಯಾ, ಅದೊಂದು ಮಾತು ಆಡ್ಲಿಲ್ಲ. ನಾನೂ ಹೇಳಲಿಲ್ಲ, ನಿನ್ನ ಸಿಟ್ಟಿಗೆ ಅಂಜಿ.

ನೀ ಫ್ಯಾನಿನ ಕೆಳಗ ಕುಂದ್ರಸ್ತೀನಿ ಅಂದಿ. ಸ್ಟೋರಿನಾಗ ಫ್ಯಾನ್ ಅದ ಅಪ್ಪಾ. ಫ್ಯಾನಿನ ಕೆಳಗ ಕುಂತಾಕಿ ಮಾತು ಸ್ಲ್ಯಾಬ್ ದಿನ ಯಾರೂ ಕೇಳಂಗಿಲ್ಲ, ಅಳಬೇಕಾಗ್ತದ. ಮುಕಾದಮ್ ಒಂದು ಮಾತು ಅಂದ್ರ ಸಾಕು, ಪಂಪ್ ನಿಲ್ತದ, ಮಂದಿ ಹೊರಗ ಬರ್ತಾರ. ಆ ಮಾತು ನನಗ ಬೇಕು. ರೇತಿ ಢಿಗ ಮ್ಯಾಲ ಯಾರ ಪೋರಿನೂ ಉಸಿರು ಹಿಡದು ಕುಂದ್ರಬಾರದು.

ನೀ ಬರದಿದ್ರ, "ನಾನ ಘಮೇಲಾ ಎತ್ತಿ ಕೊಡ್ತೀನಿ" ಅಂತ ಕಾಕಾ ಅಂದ್ರು. ನಕೋ ಅಂದೀನಿ. ನಿನ್ನ ಕೈಯಿಂದ ಬಂದ್ರ ತಗೋತೀನಿ, ಇಲ್ಲಾಂದ್ರ ಮೇಡಂಗ ಹೇಳಿ ಹೆಸರು ಹಿಂದಕ್ಕ ತಗೋತೀನಿ. ಅವ್ವಗ ಇದನ್ನ ಓದಿ ಹೇಳು, ಕೆಮ್ಮದ.

ನಿನ್ನ ಪೋರಿ
ಮಾಲಾ


ದಿವಾ ಪೂರ್ವ
9 ಮೇ 2025

ಗುರಮ್ಮ ವೈನಿಗೆ ಮೈದುನ ಸೈದಪ್ಪನ ಶರಣು.

ಈ ಸಲ ಕಾಗದ ನಿಮಗ ವೈನಿ. ಓದಾಂವ ಮಾತ್ರ ಅದ ಹಳೇ ಗಿರಾಕಿ. ಭುಜಂಗಾ, ಚಷ್ಮಾ ಹಾಕ್ಕೊ, ಸಾವಕಾಶ ಓದು, ಅವಸರ ಮಾಡಬ್ಯಾಡ.

ಮಂಗಳವಾರ ನಿಮ್ಮ ಗಂಡ "ಕಲ್ಯಾಣದಾಗ ಚಪ್ಪಲ್ ತಗೋಬೇಕು" ಅಂತ ಹೇಳಿ ಮನಿ ಬಿಟ್ಟಾನಂತ. ಚಪ್ಪಲ್ ಬಂದಿಲ್ಲ ಅಲಾ? ಮಾಲಾ ಫೋನಿನಾಗ ನಿಮಗ ಅರ್ಧ ಹೇಳ್ಯಾಳ. ಉಳದರ್ಧ ನಂದು.

ಮುಂಜಾನಿ ಗೇಟಿನಾಗ ಗದ್ದಲಾ ಕೇಳಿಸ್ತು. ನಮ್ಮ ವಾಚ್‌ಮನ್ ಯಾರನ್ನೋ ತಡದು ನಿಲ್ಲಸ್ಯಾನ, "ಪಾಸ್ ನಹಿ, ಅಂದರ್ ನಹಿ." ಆ ಕಡೆ ನಿಮ್ಮ ಗಂಡ ಎದಿ ಉಬ್ಬಿಸಿ, "ಮೈ ಭೀ ವಾಚ್‌ಮನ್ ಹೂಂ!" ಇಬ್ಬರು ವಾಚ್‌ಮನ್, ನಡುವ ಒಂದ ಗೇಟು. ನಾ ಹೋಗಿ ಬಿಡಿಸ್ದೆ. ನನ್ನ ಮಾರಿ ನೋಡ್ಲಿಲ್ಲ ಅಂವ. ಆದ್ರ ಬಗಲಾಗಿಂದ ಒಂದು ಬಾಟ್ಲಿ ತಗದು ನನ್ನ ಕೈಯಾಗ ತುರುಕಿದ. ಎಳ್ಳೆಣ್ಣಿ.

ಆಮ್ಯಾಲ ಈ ಅತಿಥಿ ಪಾವಣ್ಯಾರಿಗೆ ಬಿಳೇ ಹೆಲ್ಮೆಟ್ ಹಾಕ್ಸಿ ಸೇಫ್ಟಿ ಪಾಠಕ್ಕ ಬಾಕಿನ ಮ್ಯಾಲ ಕುಂದ್ರಿಸಿದ್ವಿ. ಪಾಠ ಹೇಳಾಕಿ ಯಾರು? ಮಾಲಾ. ಅಪ್ಪನ್ನ ನೋಡಿ ಹೆಲ್ಮೆಟ್ ಸರಿ ಮಾಡ್ಕೊಂಡ್ಲು, ಮತ್ತ ಎಲ್ಲಾರಿಗೂ ಹೇಳಿದಂಗ ಹೇಳಿದ್ಲು. "ಕಾಂಕ್ರೀಟ್ ಬೀಳೂ ಮುಂದ ಸ್ಲ್ಯಾಬಿನ ಕೆಳಗ ಯಾರೂ ಇರಬಾರದು. ತಿಳೀತೇನ್ರಿ?" ಎಲ್ಲಾರೂ "ಹೂಂ" ಅಂದ್ರು. ನಿಮ್ಮ ಗಂಡ ಹೆಲ್ಮೆಟ್ ಪಟ್ಟಿ ಎಳಕೋತ ಕುಂತಿದ್ದ.

ಮ್ಯಾಲ ಹೋದ್ವಿ. ಕಾಯಿ ಒಡದ್ವಿ. ಬೇಲಾಪುರದಿಂದ ರಮಿತಾ ಮೇಡಂ ಬಂದಿದ್ರು, ಫೋಟೋ ತಗೀತೀನಿ ಅಂತ. ಪೈಪಿನ ಬಾಯಿಗೆ ಹಿಡದು ಜೈಭೀಮ ಆ ಘಮೇಲಾ ತುಂಬಿಸಿ ತಂದು ನಿಮ್ಮ ಗಂಡನ ಮುಂದ ಇಟ್ಟ. ಅಂವ ಹೆಗಲ ಮ್ಯಾಲಿನ ಟಾವೆಲ್ ತಗದು ಸಿಂಬಿ ಸುತ್ತಿದ. ಮಾಲಾನ ತಲಿ ಮ್ಯಾಲ ಇಡ್ಲಿಕ್ಕ ಹೋದ, ಹೆಲ್ಮೆಟ್ ಅಡ್ಡ ಬಂತು. ತಗೀ ಅನ್ನೂಹಂಗಿಲ್ಲ, ಸೇಫ್ಟಿ ಸಾಹೇಬ ಎದುರಿಗೆ ನಿಂತಾನ. ಪದ್ಧತಿ ಬಿಡೂಹಂಗೂ ಇಲ್ಲ. ಕಡೀಕ ಹೆಲ್ಮೆಟ್ ಮ್ಯಾಲನ ಸಿಂಬಿ ಇಟ್ಟ! "ಏನು ಮಾರಾಯ್ರೆ ಇದು!" ಅಂತ ಮೇಡಂ ಬಿದ್ದು ಬಿದ್ದು ನಕ್ಲು. ನಿಮ್ಮ ಗಂಡ ನಗಲಿಲ್ಲ. ಬಗ್ಗಿ ಘಮೇಲಾ ಎತ್ತಿದ. ಎತ್ತೂ ಮುಂದ ಮೊದಲಿನಂಗ "ಹೂಂ" ಅಂತ ಹೊಟ್ಟಿಯಿಂದ ದನಿ ಬಂತು ವೈನಿ, ಡೋಂಬಿವಲಿದಾಗ ಬರ್ತಿತ್ತಲ್ಲ, ಥೇಟ್ ಹಂಗ. ಮಗಳ ತಲಿ ಮ್ಯಾಲ ಇಟ್ಟ. ಅಕಿ ನಡದು ಹೋಗಿ ಮೂಲ್ಯಾಗ ಸುರುವಿದ್ಲು. ಗ್ಯಾಂಗ್ ಎಲ್ಲಾ ಒದರಿತು.

ಇಷ್ಟು ಮಾಲಾ ಹೇಳ್ಯಾಳ. ಇನ್ನ ಮುಂದಿಂದು ಕೇಳ್ರಿ.

ಪಂಪ್ ಚಾಲೂ ಮಾಡಬೇಕು, ನೋಡ್ತೀನಿ, ನಿಮ್ಮ ಗಂಡ ಇಲ್ಲ. ಜೈಭೀಮನ ಸೊಂಟದಾಗಿನ ಸುತ್ತಿಗಿನೂ ಇಲ್ಲ. ಕಾಲಿಗೇನು ಗೊತ್ತು ರೂಲು? ಇಷ್ಟು ವರ್ಷದ ರೂಢಿ, ಸೀದಾ ಕೆಳಗ ಹೊಂಟಾನ. ಕರೀಲೇನು ಬಿಡ್ಲೇನು? ಒಮ್ಮೆ ಕರದು ಮೂರು ವರ್ಷ ಉಂಡೀನಿ.

ಅಷ್ಟರಾಗ ಮಾಲಾ ಕೈ ಎತ್ತಿ ಪಂಪ್ ನಿಲ್ಲಿಸಿದ್ಲು. ಅಂಚಿಗೆ ಬಂದು ನಿಂತು, ಒದರ್ಲಿಲ್ಲ, ಅಷ್ಟ ಗಟ್ಟಿ ದನಿಯಿಂದ ಅಂದ್ಲು, "ಅಪ್ಪಾ. ಹೊರಗ ಬಾ."

ಅದ ಮಾತು ವೈನಿ. ಅದ ಗ್ಯಾಂಗಿನ ಮುಂದ. ಜೈಭೀಮ ನನ್ನ ನೋಡಿದ, ನಾ ಆಕಾಶ ನೋಡಿದೆ. ಈಗ ಸುತ್ತಿಗಿ ಒಗೀತಾನ, ಈಗ ಗೇಟಿಗೆ ಹೊಂಡ್ತಾನ ಅಂತ ಕಾಯ್ಕೋತ ನಿಂತೆ.

ಆಮ್ಯಾಲ ಮೆಟ್ಟಲ ಮ್ಯಾಲ ಬಿಳೇ ಹೆಲ್ಮೆಟ್ ಕಾಣಸ್ತು. ಸಾವಕಾಶ ಏರಿ ಬಂದ. ಸುತ್ತಿಗಿ ಜೈಭೀಮನ ಕೈಗೆ ಕೊಟ್ಟ. ಮಗಳ ಮುಂದ ನಿಂತು, ಮುಕಾದಮ್ ಮುಂದ ನಿಂತಂಗ ನಿಂತು, ಅಂದ, "ಬಂದೆನ್ರೀ."

ರೀ ಅಂದ ವೈನಿ! ನಿಮ್ಮ ಪೋರಿಗೆ!

ಅಕಿ ಕೈ ಇಳಿಸಿದ್ಲು, ಪಂಪ್ ಚಾಲೂ ಆತು, ಕಾಂಕ್ರೀಟ್ ಬಿತ್ತು. ನನಗೂ ಹಳೇ ರೂಢಿ, ತಡಕೊಳ್ಳಲಿಕ್ಕ ಆಗಲಿಲ್ಲ, ಕೆಳಗ ಬಗ್ಗಿ ಒದರಿಬಿಟ್ಟೆ, "ಭುಜಂಗಾ, ಇದ್ದೀಯೇನು?" ಕೆಳಗ ಯಾರಿದ್ದಾರ? ಯಾರೂ ಇಲ್ಲ. ನನ್ನ ಕಿವಿ ಬಾಜೂಕ ದನಿ ಬಂತು, "ಇದ್ದೀನಿ. ಹಾಕ್ಸು."

ಮೂರು ವರ್ಷದ ಮ್ಯಾಲ ನನ್ನ ಜೋಡಿ ಆಡಿದ ಮೊದಲನೇ ಮಾತು ಅದು. ಎರಡನೇದು, "ದಪ್ಪ ಆಗೀದಿ."

ಸಂಜೀಕ ಠಾಣಾ ಸ್ಟೇಷನ್ ತನಕ ಬಿಡ್ಲಿಕ್ಕ ಹೋಗಿದ್ದೆ. ವಾಶಿ ಕಡೆ ಗಾಡಿ ಬರೂದು ತಡ ಇತ್ತು, ಬಾಕಿನ ಮ್ಯಾಲ ಕುಂತ್ವಿ. ಚಹಾ ಕುಡದ್ವಿ. ಅವಾಗ ಇಂವ ತಾನಾಗಿ ಒಂದು ಮಾತಂದ. ಇದನ್ನ ಬರೀಬ್ಯಾಡ ಅಂದಿಲ್ಲ, ಅದಕ್ಕ ಬರೀಲಿಕತ್ತೀನಿ.

"ಸೈದ್ಯಾ, ಕೆಳಗ ನಿಂತಾಗ ನನಗ ಭಾಳ ಹೆದರಿಕಿ ಆಗ್ತಿತ್ತಲೇ. ಪ್ರತಿ ಸಲ. ಕಾಲು ನಡಗ್ತಿದ್ದವು, ಅದಕ್ಕ ಸುಮ್ಮನ ನಿಲ್ಲದ ಸುತ್ತಿಗಿ ಬಡಕೋತ ಅಡ್ಡಾಡ್ತಿದ್ದೆ. ಓಡಿ ಬರಬೇಕು ಅನಸ್ತಿತ್ತು. ಮ್ಯಾಲಿಂದ ಗುರಮ್ಮನ ಹಾಡು ಕೇಳಸ್ತಿತ್ತು. ಅಕಿ ಮ್ಯಾಲ ಇದ್ದಾಳ, ನಾ ಹೆಂಗ ಓಡ್ಲಿ ಅಂತ ನಿಂತೆ."

"ವೈನಿಗೆ ಹೇಳಿಯೇನು?" ಅಂದೆ.

"ಹುಚ್ಚ ಇದ್ದೀಯೇನು, ಇಂಥಾದ್ದೆಲ್ಲಾ ಹೇಳ್ತಾರೇನು?" ಅಂದ. ಗಾಡಿ ಬಂತು, ಹತ್ತಿ ಹೋದ.

ಭುಜಂಗಾ, ಕೆಮ್ಮಿದಿ. ನನಗ ಇಲ್ಲಿತನಕ ಕೇಳಸ್ತು. ಚಷ್ಮಾ ಒರಸಿಕೊ, ನೀರು ಕುಡಿ. ಆಮ್ಯಾಲ ವೈನಿ ಮಾರಿ ನೋಡಿ, "ಸೈದ್ಯಾ" ಅಂತ ಶುರು ಆಗ್ತದಲ್ಲ, ಅಲ್ಲಿಂದ ಇನ್ನೊಮ್ಮೆ ಓದು. ಗಟ್ಟಿಯಾಗಿ ಓದು.

ಮೊಣಕಾಲಿಗೆ ಎಣ್ಣಿ ಹಚ್ಕೊಂಡು ಕುಂತಿರೂ
ಸೈದ್ಯಾ